ಗುಂಡುಸೂಜಿ ಕಚ್ಚಿಕೊಂಡು ಕೊಟ್ಟ ಒಪ್ಪಿಗೆ

ನಮ್ಮ ಬೀದಿಯ ಟೈಲರ್ ಅಕ್ಕನಿಗೆ ಹೂಂ ಅಕ್ಕ ಅಂತಲೇ ಹೆಸರು. ಇಟ್ಟವಳು ನಾನೇ ಎಂದು ಕೆಲವರು ದೂರುತ್ತಾರೆ. ಇದ್ದರೂ ಇರಬಹುದು, ನನ್ನದು ಎಲುಬಿಲ್ಲದ ನಾಲಿಗೆ. ಅವಳ ಹೊಲಿಗೆ ಅಂಗಡಿಗೂ ನನ್ನ ದಾರ-ಗುಂಡಿಯ ಅಂಗಡಿಗೂ ನಡುವೆ ಇದ್ದದ್ದು ಒಂದೇ ಹಲಗೆಯ ಗೋಡೆ. ಈಚೆ ನಾನು ಕೆಮ್ಮಿದರೆ ಆಚೆಯಿಂದ ಅವಳು "ನೀರು ಕುಡಿಯೇ" ಅನ್ನುತ್ತಿದ್ದಳು.

ಅವಳ ಬಾಯಲ್ಲಿ ಯಾವಾಗಲೂ ಗುಂಡುಸೂಜಿ. ಬಟ್ಟೆ ಮಡಿಸಿ ಸಾಲಾಗಿ ಸೂಜಿ ಚುಚ್ಚುವುದು, ಮಷಿನ್ ಓಡುತ್ತಾ ಬಂದ ಹಾಗೆ ಒಂದೊಂದೇ ಕಿತ್ತು ತುಟಿಗಳ ನಡುವೆ ಕಚ್ಚಿಕೊಳ್ಳುವುದು. ಚುಚ್ಚಿಡಲು ಕೆಂಪು ಬಟ್ಟೆಯ ಪುಟ್ಟ ದಿಂಬೊಂದಿತ್ತು, ನನ್ನ ಅಂಗಡಿಯದ್ದೇ, ಪುಕ್ಕಟೆ ಕೊಟ್ಟದ್ದು. ಅದನ್ನು ಅವಳು ಮುಟ್ಟುತ್ತಿರಲಿಲ್ಲ. ದಿಂಬಿನ ತನಕ ಕೈ ಹೋಗಿ ಬರುವಷ್ಟರಲ್ಲಿ ಒಂದು ಗೇಣು ಹೊಲಿಗೆ ಮುಗಿಯುತ್ತೆ ಅನ್ನುವುದು ಅವಳ ವಾದ. ಹಾಗಾಗಿ ಯಾರು ಏನು ಕೇಳಿದರೂ ಉತ್ತರ ಮೂಗಿನಿಂದಲೇ. ಪ್ಯಾಂಟು ನಾಳೆ ಸಿಗುತ್ತಾ? ಹೂಂ. ರೇಟು ಸ್ವಲ್ಪ ಇಳಿಸ್ತೀರಾ? ಹೂಂ. ಮರುದಿನ ಬಂದವರಿಗೆ, ಸೂಜಿ ಬಾಯಿಂದ ಹೊರಗಿದ್ದರೆ, "ಇವತ್ತು ಅಂತ ಯಾರು ಹೇಳಿದ್ದು?" ಎಂಬ ಪ್ರಶ್ನೆ. ಹಳೇ ಗಿರಾಕಿಗಳು ಬುದ್ಧಿವಂತರು, ಸೂಜಿ ಹೊರಬರುವ ತನಕ ಬಾಗಿಲಲ್ಲೇ ನಿಂತು ಕಾಯುತ್ತಿದ್ದರು. ಆ ಹೂಂಗೆ ಬೀದಿಯಲ್ಲಿ ಮೂರು ಕಾಸಿನ ಬೆಲೆ ಇಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರು ಫೋನು ಮಾಡಿದ್ದೇ ಬಂದ ಕುತ್ತು.

ಅಕ್ಕನ ಗಂಡನನ್ನು ನಾನು ಭಾವ ಅನ್ನುತ್ತಿದ್ದೆ. ಅವರು ಲಿಫ್ಟ್ ರಿಪೇರಿಯವರು. ಊರಿನ ಎತ್ತರದ ಕಟ್ಟಡಗಳನ್ನೆಲ್ಲ ಹತ್ತಿ ಇಳಿದ ಮನುಷ್ಯನಿಗೆ ಕೊನೆಗೆ ಅಂಗಡಿಯ ಎರಡು ಮೆಟ್ಟಿಲು ಹತ್ತುವಷ್ಟು ಉಸಿರು ಉಳಿಯಲಿಲ್ಲ. ಶ್ವಾಸಕೋಶ ಕೈಕೊಟ್ಟಿತ್ತು. ಅವರಿಬ್ಬರಿಗೂ ಅಂಗಡಿಯೇ ಮನೆ. ಮುಂದೆ ಮಷಿನ್ನು, ನಡುವೆ ಒಂದು ಪರದೆ, ಪರದೆಯ ಹಿಂದೆ ಮಂಚ, ಒಲೆ, ಬಟ್ಟೆಯ ಪೆಟ್ಟಿಗೆ. ಮಂಚ ಹಿಡಿದ ಮೇಲೆ ಭಾವನಿಗೆ ಚದುರಂಗದ ಹುಚ್ಚು ಹತ್ತಿತು. ಟ್ಯಾಬ್ ಹಿಡಿದು ಕಂಡರಿಯದ ದೇಶದವರ ಜೊತೆ ಆಡುತ್ತಿದ್ದರು. ಅದಕ್ಕೆಂದೇ ಅವರ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಹಾಕಿಸಿದ್ದು. ಗೋಡೆಯ ಮೇಲೆ ಹಸಿರು ದೀಪ ಮಿಣುಕುವ ಬಿಳಿ ಡಬ್ಬಿ ಬಂತು. ಗೆದ್ದ ದಿನ ಭಾವ ಹಲಗೆ ತಟ್ಟಿ, "ಯಾರೋ ಪ್ರೊಫೆಸರಂತೆ, ಅವನ ಮಂತ್ರಿ ಹೊಡೆದೆ ನೋಡಮ್ಮ" ಅನ್ನುತ್ತಿದ್ದರು. ಸೋತ ದಿನ ಇಂಟರ್ನೆಟ್ ನಿಧಾನ ಅಂತ ಬೈಯುತ್ತಿದ್ದರು.

ಅವರು ವರ್ಷ ಕಾಣುವುದು ಕಷ್ಟ ಎಂದು ಡಾಕ್ಟರು ಅಕ್ಕನಿಗೆ ಮಾತ್ರ ಹೇಳಿದ್ದರು. ಅಕ್ಕ ನನಗೆ ಮಾತ್ರ ಹೇಳಿದ್ದಳು. ಭಾವನ ಮುಂದೆ ನಾವಿಬ್ಬರೂ ಆಡಿದ ನಾಟಕಕ್ಕೆ ಲೆಕ್ಕವಿಲ್ಲ. ಅಕ್ಕ ಆಗಾಗ ಟೇಪು ಹಿಡಿದು ಮಂಚದ ಹತ್ತಿರ ಹೋಗಿ ಅವರ ಅಳತೆ ತೆಗೆದು ಹೊಸ ಶರ್ಟು ಹೊಲಿಯುತ್ತಿದ್ದಳು. ಮೈ ಇಳಿಯುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು, ಆದರೂ ಎರಡು ಕಡೆಯ ಹೊಲಿಗೆಯ ಒಳಗೆ ಮೂರು ಬೆರಳು ಬಟ್ಟೆ ಬಿಡುತ್ತಿದ್ದಳು. "ಚೇತರಿಸ್ಕೊಂಡು ದಪ್ಪ ಆದಾಗ ಬಿಚ್ಚಿದರಾಯ್ತು" ಅನ್ನುವಳು. ಭಾವ ನಗುವರು. ಕೊನೆಯ ಸಲ ಮಾತ್ರ, "ಒಳಗೆ ಬಟ್ಟೆ ಬಿಡಬೇಡ ಕಣೇ, ಅಳತೆಗೆ ಸರಿಯಾಗೇ ಹೊಲಿ" ಅಂದರಂತೆ. "ಯಾಕೋ ಮನಸ್ಸು ಸಣ್ಣ ಮಾಡ್ಕೊಂಡಿದ್ದಾರೆ" ಎಂದು ಅಕ್ಕ ನನ್ನ ಹತ್ತಿರ ಬಂದು ಕಣ್ಣೊರೆಸಿಕೊಂಡಳು. ಆ ಶರ್ಟು ಭಾವ ಹೆಚ್ಚು ದಿನ ಹಾಕಲಿಲ್ಲ.

ಭಾವ ಹೋದ ಮೇಲೆ ಒಂದರ ಹಿಂದೆ ಒಂದು. ಕಟ್ಟಡದ ಮಾಲೀಕ ಅದನ್ನು ಮಾರಿದ, ಕೊಂಡವನು ಕೆಡವುತ್ತೇನೆ ಅಂದ. ನಾವಿಬ್ಬರೂ ತಿರುಗಿ ತಿರುಗಿ ಚಪ್ಪಲಿ ಸವೆಸಿ, ಎರಡು ಬೀದಿ ಆಚೆ ಒಂದು ಉದ್ದನೆಯ ಕೋಣೆ ಕಂಡುಹಿಡಿದೆವು. ನಡುವೆ ಹಲಗೆ ಹೊಡೆದರೆ ಎರಡು ಅಂಗಡಿ. ಮುಂಗಡ ಇಬ್ಬರೂ ಅರ್ಧರ್ಧ. ನನ್ನ ಅರ್ಧಕ್ಕೆ ಕಿವಿಯದು, ಕೈಯದು ಎಲ್ಲ ಹೋಯಿತು. ಅಕ್ಕನ ಅರ್ಧ, ಭಾವನ ಕಂಪನಿಯಿಂದ ಬಂದದ್ದು, ಬ್ಯಾಂಕಿನಲ್ಲಿತ್ತು. ಶನಿವಾರದ ಒಳಗೆ ಅದನ್ನೂ ಕೊಡದಿದ್ದರೆ ಕೋಣೆ ಬೇರೆಯವರಿಗೆ ಎಂದು ಅದರ ಮಾಲೀಕ ಮುಖದ ಮೇಲೆ ಹೇಳಿದ್ದ.

ಸಾಮಾನು ಕಟ್ಟುವಾಗ ಅಕ್ಕ ಆ ಬಿಳಿ ಡಬ್ಬಿಯ ಮುಂದೆ ನಿಂತಳು. "ಇದು ಇನ್ಯಾರಿಗೆ" ಎಂದು ಇಂಟರ್ನೆಟ್ ಕಂಪನಿಗೆ ಫೋನು ಮಾಡಿ ಕನೆಕ್ಷನ್ ತೆಗೆಸಲು ಹೇಳಿದಳು. ಆಗಲಿ ಮೇಡಂ ಅಂದರು. ಮಾರನೆಯ ದಿನ ಮುಂಗಡ ತರಲು ಬ್ಯಾಂಕಿಗೆ ಹೋದವಳು ಬರಿಗೈಯಲ್ಲಿ ಬಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಸಿದಳು. ಇದ್ದದ್ದರಲ್ಲಿ ಮುಕ್ಕಾಲು ಪಾಲನ್ನು ಇಂಟರ್ನೆಟ್ ಕಂಪನಿ ಎಳೆದುಕೊಂಡಿತ್ತು. ತಿಂಗಳ ಬಿಲ್ಲು ತಾನಾಗಿ ಕಟ್ಟಿಹೋಗಲಿ ಎಂದು ಭಾವನೇ ಹಿಂದೆ ಮಾಡಿಸಿದ್ದ ಏರ್ಪಾಡು ಅದು, ಗಂಡ ಹೆಂಡತಿಯ ಜಂಟಿ ಖಾತೆಯಿಂದ. ಎರಡು ವರ್ಷಕ್ಕೆ ನವೀಕರಣ ಆಗಿದೆ, ಅವಧಿಗೆ ಮುಂಚೆ ಬಿಟ್ಟಿದ್ದಕ್ಕೆ ಉಳಿದ ತಿಂಗಳುಗಳ ದುಡ್ಡೆಲ್ಲ ದಂಡ.

"ನಾನು ಯಾವ ನವೀಕರಣಕ್ಕೂ ಒಪ್ಪಿಲ್ಲ ಕಣೇ. ಒಪ್ಪಿದ್ರೆ ನನ್ನ ನಾಲಿಗೆ ಬಿದ್ದುಹೋಗ್ಲಿ" ಅಂದಳು ಅಕ್ಕ.

ನನ್ನ ಕೋಪ ಮೂಗಿನ ತುದಿಯಲ್ಲೇ ಇರುವುದು. ಅಲ್ಲೇ ಫೋನು ಹಚ್ಚಿದೆ. ಮೊದಲು ಹಾಡು. ಆಮೇಲೆ ನಿಮ್ಮ ಕರೆ ನಮಗೆ ಅಮೂಲ್ಯ ಅಂತ ಒಂದು ದನಿ. ಅಷ್ಟು ಅಮೂಲ್ಯವಾದದ್ದನ್ನು ಅಷ್ಟು ಹೊತ್ತು ಮೂಲೆಯಲ್ಲಿ ಕೂರಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಂದು ಒತ್ತಿ, ನಾಲ್ಕು ಒತ್ತಿ, ಮತ್ತೆ ಹಾಡು. ಕೊನೆಗೆ ಸಿಕ್ಕ ಹುಡುಗ ವಿನಯದ ಮುದ್ದೆ. "ನಿಮ್ಮ ಒಪ್ಪಿಗೆ ಫೋನಲ್ಲಿ ರೆಕಾರ್ಡ್ ಆಗಿದೆ ಮೇಡಂ" ಅಂದ. ಮತ್ತೆ ಮಾಡಿದರೆ ಬೇರೆ ಹುಡುಗಿ, ಅದೇ ಮಾತು. ಪ್ರತಿ ಸಲವೂ ಮೊದಲಿನಿಂದ ಕಥೆ ಹೇಳಬೇಕು. ಒಂದು ಸಲ ಅಕ್ಕನೇ ಫೋನು ಕಿತ್ತುಕೊಂಡು, "ನಮ್ಮ ಯಜಮಾನ್ರು ತೀರಿಕೊಂಡ್ರು ಕಣಪ್ಪ, ಅದನ್ನ ನೋಡೋರು ಯಾರೂ ಇಲ್ಲ ಈಗ" ಅಂದಳು. "ಸಾರಿ ಮೇಡಂ. ಆದರೆ ನವೀಕರಣ ಆಗುವಾಗ ಅವರು ಇದ್ದರಲ್ಲ" ಅಂದ ಅವನು. ಅಕ್ಕ ಫೋನನ್ನು ಮೆಲ್ಲಗೆ ನನ್ನ ಕೈಗಿಟ್ಟು ಹಲಗೆಯಾಚೆ ಹೋದಳು. ಆ ದಿನ ಮಷಿನ್ನಿನ ಸದ್ದು ಬರಲಿಲ್ಲ.

ಕಂಡವರ ಕಾಲು ಹಿಡಿದದ್ದೂ ಆಯಿತು. ಕೋಣೆಯ ಮಾಲೀಕ, "ಶನಿವಾರ ಅಂದ್ರೆ ಶನಿವಾರ" ಅಂದ. ಅಕ್ಕನ ಮೈದುನ ಸಾಲ ಕೊಡುವ ಮಾತೆತ್ತದೆ, "ಅತ್ತಿಗೆ, ನಮ್ಮನೇಲೇ ಬಂದಿರಿ" ಅಂದ. ಎಷ್ಟು ಒಳ್ಳೆಯವನು ಅಂದುಕೊಳ್ಳುವಷ್ಟರಲ್ಲಿ ಅವನ ಹೆಂಡತಿ ಒಳಗಿನಿಂದ, "ಮಷಿನ್ ಮಾತ್ರ ಬೇಡ ಅಕ್ಕ, ಸದ್ದು ತಡೆಯೋಕಾಗಲ್ಲ. ಅದನ್ನ ಮಾರಿಬಿಡಿ" ಅಂದಳು. ವಾಪಸ್ಸು ಬರುವ ದಾರಿಯಲ್ಲಿ ಅಕ್ಕ, "ಮಷಿನ್ ಮಾರಿ ಅವರ ಮನೆ ಮೂಲೇಲಿ ಕೂತು ಅನ್ನ ತಿನ್ನೋದಕ್ಕಿಂತ ನಮ್ಮ ಯಜಮಾನ್ರ ಜೊತೆಗೇ ಹೋಗಿದ್ರೆ ಚೆನ್ನಾಗಿತ್ತು" ಅಂದಳು. ಸುಮ್ಮನಿರು ಎಂದು ಗದರಿದೆ. ಗದರಿದ್ದು ನನ್ನ ಹೆದರಿಕೆಗೆ. ಅವಳು ಬರದಿದ್ದರೆ ಆ ಕೋಣೆ ನನಗೂ ಇಲ್ಲ, ಕೊಟ್ಟ ಮುಂಗಡ ಹಿಂದಿರುಗುವ ಭರವಸೆಯೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಹಲಗೆಯಾಚೆ ಅವಳಿಲ್ಲದಿದ್ದರೆ, ನಾನು ಕೆಮ್ಮಿದಾಗ ನೀರು ಕುಡಿಯೇ ಅನ್ನುವವರು ಯಾರು?

ರೆಕಾರ್ಡ್ ಆದ ಒಪ್ಪಿಗೆಯನ್ನು ಕೇಳಿಸಿ ಅಂದರೆ, ಅದಕ್ಕೆ ಮುಖ್ಯ ಕಚೇರಿಗೇ ಬರಬೇಕು ಅಂದರು. ಶುಕ್ರವಾರ ಬೆಳಿಗ್ಗೆ ಎರಡೂ ಅಂಗಡಿಗೆ ಬಾಗಿಲು ಹಾಕಿಕೊಂಡು ಹೊರಟೆವು.

ಗಾಜಿನ ಕಟ್ಟಡ, ಟೋಕನ್ನು, ಒಂದಕ್ಕೊಂದು ಬೆಸೆದ ಕಬ್ಬಿಣದ ಕುರ್ಚಿಗಳು. ಗೋಡೆಯ ತುಂಬ ನಗುವ ಕುಟುಂಬಗಳ ಚಿತ್ರ, ಎಲ್ಲರ ಕೈಯಲ್ಲೂ ಮೊಬೈಲು. ಕುಳಿತವರಲ್ಲಿ ಒಬ್ಬರೂ ನಗುತ್ತಿರಲಿಲ್ಲ. ನಮ್ಮ ಸರದಿ ಬಂದಾಗ ದೂರು ನೋಡಿಕೊಳ್ಳುವ ಅಧಿಕಾರಿಯ ಕೋಣೆಗೆ ಕಳಿಸಿದರು. ಸುಮಾರು ವಯಸ್ಸಾದ ಮನುಷ್ಯ, ಕೋಟಿನ ಒಂದು ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಬೇರೆ ದಿನವಾಗಿದ್ದರೆ ಹೇಳುತ್ತಿದ್ದೆ. ಅವರು ಕಂಪ್ಯೂಟರಿನ ಕಡೆ ನೋಡುತ್ತ, "ಕೇಳಿ ಅಮ್ಮ, ನೀವೇ ಕೇಳಿ. ಆಮೇಲೆ ಮಾತಾಡೋಣ" ಎಂದು ರೆಕಾರ್ಡಿಂಗ್ ಹಾಕಿದರು.

ಹುಡುಗಿಯೊಬ್ಬಳು ಉಸಿರು ಬಿಡದೆ ಓದುತ್ತಿದ್ದಳು. ನಿಮ್ಮ ಪ್ಲಾನ್ ಮುಗಿಯುತ್ತಾ ಬಂದಿದೆ, ಇದೇ ದರದಲ್ಲಿ ಎರಡು ವರ್ಷಕ್ಕೆ ಮುಂದುವರಿಸಬಹುದು, ಷರತ್ತುಗಳು ಅನ್ವಯ, ಕೇಳಿಸ್ತಿದೆಯಾ ಮೇಡಂ. ಅದರ ಹಿಂದೆ ಕಟಕಟಕಟ ಅಂತ ಸದ್ದು. ಅದು ಯಾವ ಮಷಿನ್ನು ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಸದ್ದಿನ ನಡುವೆ, ಮೂಗಿನಿಂದ, ದೊಡ್ಡದಾಗಿ: ಹೂಂ.

ಅಕ್ಕ ಕಂಪ್ಯೂಟರಿನ ಕಡೆ ಬಾಗಿದಳು. "ನಾನೇ" ಅಂದಳು. "ನಾನೇ ಕಣೇ ಅದು."

"ನೋಡಿ" ಅಂದರು ಅಧಿಕಾರಿ. ಅವರ ದನಿಯಲ್ಲಿ ಗೆದ್ದ ಗತ್ತಿರಲಿಲ್ಲ, ದಿನವೂ ಇದೇ ಮಾಡಿ ಸಾಕಾದ ಸುಸ್ತಿತ್ತು.

ನಾನು ಬಿಡಲಿಲ್ಲ. "ಸಾರ್, ಅದು ಒಪ್ಪಿಗೆ ಅಲ್ಲ, ಗುಂಡುಸೂಜಿ. ಇವಳ ಬಾಯಲ್ಲಿ ಸೂಜಿ ಇರುತ್ತೆ. ನಮ್ಮ ಬೀದೀಲಿ ಯಾರನ್ನ ಬೇಕಾದ್ರೂ ಕೇಳಿ. ಮನೆ ಬರ್ಕೊಡ್ತೀಯಾ ಅಂದ್ರೂ ಹೂಂ ಅಂತಾಳೆ."

"ಸೂಜಿ ನನಗೆ ಕಾಣಲ್ಲಮ್ಮ. ಕೇಳಿಸೋದು ಇಷ್ಟೇ."

"ಪೂರ್ತಿ ಮಾತಾಡಿದ ಒಂದು ಶಬ್ದ ಇಲ್ಲ ಅದರಲ್ಲಿ. ಇಷ್ಟಕ್ಕೇ ಒಬ್ಬಳ ಅಂಗಡಿ ಮುಳುಗಿಸ್ತೀರಾ?"

ಅಕ್ಕ ನನ್ನ ತೋಳು ಹಿಡಿದಳು. "ಬಿಡೇ. ನಾಲಿಗೆ ಬಿದ್ದುಹೋಗ್ಲಿ ಅಂದೆನಲ್ಲ, ತಪ್ಪು ನಂದೇ. ಹೋಗೋಣ ನಡಿ. ಮೈದುನಂಗೆ ಫೋನ್ ಮಾಡ್ತೀನಿ." ಅವಳು ಎದ್ದು ನಿಂತೂ ಆಗಿತ್ತು. ಜಗಳ ಆಡಿದ್ದರೆ ನನಗೆ ಅಷ್ಟು ದುಃಖವಾಗುತ್ತಿರಲಿಲ್ಲ. ನಾನು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ, ಅದರ ಪಾಡಿಗೆ ಓಡುತ್ತಲೇ ಇತ್ತು. ಆಗ ಬಂತು ಇನ್ನೊಂದು ದನಿ.

"ಬೇಡ ಅನ್ನು."

ಅಕ್ಕ ಬಾಗಿಲ ಹತ್ತಿರ ನಿಂತುಬಿಟ್ಟಳು. ಫೋನು ಇರುತ್ತಿದ್ದದ್ದು ಪರದೆಯ ಬದಿಯಲ್ಲಿ, ಭಾವನ ತಲೆಯ ಹತ್ತಿರ. ಚಾರ್ಜು ಹಾಕುವ ಪ್ಲಗ್ಗು ಅಂಗಡಿಗೆಲ್ಲ ಅಲ್ಲೊಂದೇ. ಸ್ಪೀಕರು ಹಾಕಿಟ್ಟು ಅಕ್ಕ ಇತ್ತ ಹೊಲಿಯುತ್ತ ಕೂರುವಳು. ಅವಳಿಗೆ ಮಷಿನ್ನಿನ ಸದ್ದು ಹತ್ತಿರ, ಫೋನಿಗೆ ಭಾವ ಹತ್ತಿರ.

ಉಸಿರಿಗೆ ನಿಲ್ಲಿಸಿ ನಿಲ್ಲಿಸಿ ಭಾವ ಹೇಳುತ್ತಿದ್ದರು: "ಎರಡು ವರ್ಷ... ಯಾರಿಗೆ ಬೇಕು. ಬೇಡ ಅನ್ನು ಅವರಿಗೆ." ಮಷಿನ್ನು ಓಡುತ್ತಲೇ ಇತ್ತು. "ಅಷ್ಟು ದಿನ ನಾನಿರಲ್ಲ ಕಣೇ. ನಿನಗೂ ಗೊತ್ತು... ಗೊತ್ತಲ್ವಾ?"

"ಹಾಗಾದ್ರೆ ಎರಡು ವರ್ಷಕ್ಕೆ ಕನ್ಫರ್ಮ್ ಮಾಡಲಾ ಮೇಡಂ?" ಅಂದಳು ಹುಡುಗಿ, ಅದೇ ಉಸಿರಿನಲ್ಲಿ.

"ಹೂಂ."

ಧನ್ಯವಾದ ಮೇಡಂ, ಶುಭ ದಿನ. ಅಲ್ಲಿಗೆ ಮುಗಿಯಿತು.

ಅಧಿಕಾರಿ ಕಂಪ್ಯೂಟರಿನಲ್ಲಿ ಏನೋ ಓದಿದರು. "ಕನೆಕ್ಷನ್ ಇರೋದು ನಿಮ್ಮ ಯಜಮಾನರ ಹೆಸರಲ್ಲಿ ಅಲ್ವಾ?" ಅಂದರು. ನಾನು ಹೌದು ಅಂದೆ.

"ಈ ದನಿ ಅವರದ್ದಾ?"

"ಅವರದ್ದೇ ಸಾರ್."

ಅವರು ನೇತಾಡುವ ಗುಂಡಿಯನ್ನು ಬೆರಳಲ್ಲಿ ತಿರುವಿದರು. ಆಮೇಲೆ, "ಯಾರ ಹೆಸರಲ್ಲಿದೆಯೋ ಅವರು ಬೇಡ ಅಂದಿದ್ದಾರೆ. ನಮ್ಮ ಹುಡುಗಿ ಕೇಳಿಸ್ಕೋಬೇಕಿತ್ತು. ಈ ನವೀಕರಣ ಲೆಕ್ಕಕ್ಕಿಲ್ಲ. ತಗೊಂಡಿದ್ದೆಲ್ಲ ವಾಪಸ್ ಹಾಕಿಸ್ತೀನಿ, ಇವತ್ತು ಸಂಜೆಯೊಳಗೆ ಖಾತೆಗೆ ಬರುತ್ತೆ" ಅಂದರು.

ನನಗೆ ಕುರ್ಚಿಯಿಂದ ಎದ್ದು ಅವರ ಕೋಟಿನ ಗುಂಡಿ ಅಲ್ಲೇ ಹೊಲಿದುಕೊಡೋಣ ಅನ್ನಿಸಿತು. ಹೋದ ಜೀವ ಬಂದ ಹಾಗಾಗಿತ್ತು. "ಅಕ್ಕ, ಕೇಳಿಸ್ತಾ? ಕೋಣೆ ಉಳೀತು" ಅಂದೆ. ಅವಳಿಗೆ ಕೋಣೆ ಕೇಳಿಸಿರಲಿಲ್ಲ.

"ಇನ್ನೊಂದು ಸಲ ಹಾಕ್ತೀರಾ?" ಅಂದಳು ಅಧಿಕಾರಿಗೆ, ವಾಪಸ್ಸು ಬಂದು ಕೂತು.

"ಅದರ ಅಗತ್ಯ ಇಲ್ಲಮ್ಮ, ಆಯ್ತು ಕೆಲಸ."

"ದಮ್ಮಯ್ಯ, ಇನ್ನೊಂದು ಸಲ."

ಹಾಕಿದರು. ಭಾವ ಮತ್ತೆ ಉಸಿರಿಗೆ ನಿಲ್ಲಿಸಿ ನಿಲ್ಲಿಸಿ ಹೇಳಿದರು. ಅಕ್ಕ ಮತ್ತೆ ಹೂಂ ಅಂದಳು. ಈ ಸಲ ಎದುರಿಗೆ ಕೂತು ಕೇಳುತ್ತಿದ್ದ ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಹೊರಗೆ ಬಂದು ಬಸ್ಸಿಗೆ ಕಾಯುವ ಕಲ್ಲಿನ ಮೇಲೆ ಕೂತೆವು.

"ಅವರಿಗೆ ಎಲ್ಲ ಗೊತ್ತಿತ್ತು ಕಣೇ."

"ಹೂಂ ಅಕ್ಕ."

"ಆ ಮಾತು ಆಡೋಕೆ ಎಷ್ಟು ದಿನದಿಂದ ಉಸಿರು ಕೂಡಿಸಿಟ್ಟಿದ್ರೋ. ನಾನಿರಲ್ಲ, ನಿನಗೂ ಗೊತ್ತಲ್ವಾ ಅಂತ ಕೇಳಿದ್ರು. ನಾನು ಹೂಂ ಅಂದೆ. ಮಷಿನ್ ಕೂಡ ನಿಲ್ಲಿಸ್ದೆ, ಬಟ್ಟೆ ರೇಟಿಗೆ ಹೂಂ ಅನ್ನೋ ಹಾಗೆ ಅಂದೆ."

"ಅದು ಆ ಹುಡುಗಿಗೆ ಅಂದಿದ್ದು ಅಕ್ಕ. ಅವರು ಹೇಳಿದ್ದು ನಿಂಗೆ ಕೇಳಿಸೇ ಇಲ್ಲ."

"ಅದು ನನಗೆ ಗೊತ್ತು" ಅಂದಳು ಅಕ್ಕ. "ಅವರಿಗೆ ಹೇಗೆ ಗೊತ್ತಾಗುತ್ತೆ?"

ಕೊನೆಯ ಶರ್ಟಿನ ನೆನಪು ನನಗೂ ಬಂತು, ಅವಳಿಗೂ ಬಂದಿರಬೇಕು. ಒಳಗೆ ಬಟ್ಟೆ ಬಿಡಬೇಡ ಅಂದಿದ್ದ ಶರ್ಟು. ರೆಕಾರ್ಡಿಂಗಿನ ತಾರೀಖು ನೋಡಿದರೆ, ಆ ಫೋನು ಬಂದು ವಾರದೊಳಗೇ ಅವಳು ಅದನ್ನು ಕತ್ತರಿಸಿದ್ದು. ಬಸ್ಸು ಬಂತು. ಅವಳು ನನ್ನ ಹೆಗಲಿಗೆ ತಲೆಯಿಟ್ಟು ಮನೆ ತನಕ ಅತ್ತಳು, ಬಸ್ಸಿನವರೆಲ್ಲ ನೋಡುತ್ತಿದ್ದರೂ.

ದುಡ್ಡು ಬಂತು. ಶನಿವಾರ ಮುಂಗಡ ಕೊಟ್ಟು ಬೀಗದ ಕೈ ತೆಗೆದುಕೊಂಡೆವು. ಹೊಸ ಕೋಣೆಗೆ ನಡುವೆ ಹಲಗೆ ಹೊಡೆಸಿದೆವು, ಹಳೆಯದಕ್ಕಿಂತ ತೆಳು. ಅಕ್ಕನ ಕಡೆ ಹಳೇ ಪರದೆಯನ್ನೇ ಕಟ್ಟಿದೆವು. ಅಕ್ಕನ ಕೈಯಲ್ಲಿ ಕೆಲಸಕ್ಕೇನೂ ಕಡಿಮೆ ಇಲ್ಲ. ಗುಂಡುಸೂಜಿಯನ್ನು ಈಗಲೂ ಬಾಯಲ್ಲೇ ಕಚ್ಚಿಕೊಳ್ಳುತ್ತಾಳೆ. ಹುಟ್ಟುಗುಣ ಸುಟ್ಟರೂ ಹೋಗದು. ಆದರೆ ಯಾರಾದರೂ ಬಾಯಿ ತೆರೆದರೆ ಸಾಕು, ಮಷಿನ್ ನಿಲ್ಲಿಸುತ್ತಾಳೆ. ಸೂಜಿಗಳನ್ನು ಒಂದೊಂದೇ ತೆಗೆದು ಕೆಂಪು ದಿಂಬಿಗೆ ಚುಚ್ಚುತ್ತಾಳೆ. ಆಮೇಲೆ ಮುಖ ನೋಡಿ, "ಏನಂದ್ರಿ?" ಅನ್ನುತ್ತಾಳೆ. ಗುಂಡಿ ಹಾಕಿಸಲು ಬಂದವರು ಕೂಡ ಅಷ್ಟು ಹೊತ್ತು ಕಾಯಬೇಕು. ಕೆಲವರು ಗೊಣಗುತ್ತಾರೆ. ಗೊಣಗಿದವರಿಗೆ ನಾನು ದಾರ ಕೊಡುವುದಿಲ್ಲ.

ಕೆಲವು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರುವುದಿಲ್ಲ. ಕಟಕಟ ಅಂತ ಓಡುತ್ತಿದ್ದ ಮಷಿನ್ನು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಸೂಜಿ ದಿಂಬಿಗೆ ಹೋಗುವಷ್ಟು ಹೊತ್ತು ಸದ್ದಿಲ್ಲ. ಆಮೇಲೆ ಅಕ್ಕನ ದನಿ, ಪರದೆಯ ಕಡೆಗೆ:

"ಏನಂದ್ರಿ?"

ಅಲ್ಲಿ ಪರದೆಯ ಹಿಂದೆ ಈಗ ಮಂಚವೂ ಇಲ್ಲ, ಚಾಪೆ ಹಾಸಿಕೊಂಡು ಮಲಗುತ್ತಾಳೆ. ನಾನು ಸ್ವಲ್ಪ ಕಾದು, ಹಲಗೆ ತಟ್ಟಿ, "ಬಿಳಿ ದಾರ ಬೇಕಾ ಅಂದೆ ಅಕ್ಕ" ಅನ್ನುತ್ತೇನೆ. ನಾನೇನೂ ಅಂದಿರುವುದಿಲ್ಲ ಅಂತ ಅವಳಿಗೂ ಗೊತ್ತು. "ಕೊಡೇ, ಒಂದು ಉಂಡೆ" ಅನ್ನುತ್ತಾಳೆ. ಅವಳ ಡ್ರಾಯರಿನಲ್ಲಿ ಈಗ ನನ್ನ ಅಂಗಡಿಗಿಂತ ಹೆಚ್ಚು ಬಿಳಿ ದಾರ ಇದೆ.